ರಾಜ ಸರದಿ ಕಾದ ಬುಗ್ಗೆ

ಮಗಧದ ದೊರೆ ಬಿಂಬಿಸಾರ ಒಮ್ಮೆ ತಲೆಸ್ನಾನಕ್ಕೆಂದು ಊರಾಚೆಯ ಬಿಸಿನೀರ ಬುಗ್ಗೆಗೆ ಹೋದ. ಅಲ್ಲಿ ಬೌದ್ಧ ಭಿಕ್ಷುಗಳು ಮೀಯುತ್ತಿದ್ದರು. ಅವರದು ಮುಗಿಯಲಿ ಎಂದು ರಾಜ ಒಂದು ಬದಿಗೆ ನಿಂತ. ಭಿಕ್ಷುಗಳಿಗೆ ನೀರು ಬಿಟ್ಟು ಏಳುವ ಮನಸ್ಸೇ ಇಲ್ಲ. ಕತ್ತಲಾಗುವವರೆಗೂ ಮಿಂದರು. ಆಮೇಲೆ ರಾಜ ತನ್ನ ಸ್ನಾನ ಮುಗಿಸಿ ಹಿಂತಿರುಗುವಷ್ಟರಲ್ಲಿ ಕೋಟೆ ಬಾಗಿಲು ಹಾಕಿಯಾಗಿತ್ತು. ತನ್ನದೇ ರಾಜಧಾನಿಯ ಹೊರಗೆ ರಾತ್ರಿ ಕಳೆದು, ಬೆಳಗಾದದ್ದೇ ಬುದ್ಧನ ಬಳಿಗೆ ಹೋದ. ಮೈಗೆ ಹಚ್ಚಿಕೊಂಡ ಗಂಧ ಇನ್ನೂ ಹಾಗೇ ಇತ್ತು. ಇಷ್ಟು ಬೇಗ ಯಾಕೆ ಬಂದೆ ಎಂದು ಬುದ್ಧ ಕೇಳಿದಾಗ ನಡೆದದ್ದೆಲ್ಲ ಹೊರಗೆ ಬಂತು. ಇನ್ನು ಹದಿನೈದು ದಿನಕ್ಕೊಂದೇ ಸ್ನಾನ ಎಂದು ಭಿಕ್ಷುಗಳಿಗೆ ಕಟ್ಟಳೆಯಾಯಿತು. ವಿನಯಪಿಟಕದ ಕಥೆ ಇದು. ಆಮೇಲೆ ಬೇಸಿಗೆಯಲ್ಲಿ ಬೆಂದವರಿಗೆ, ಕಾಯಿಲೆಯವರಿಗೆ, ಮೈಮುರಿದು ಕೆಲಸ ಮಾಡಿದವರಿಗೆ, ದಾರಿ ನಡೆದು ಬಂದವರಿಗೆ, ಗಾಳಿ ಮಳೆಗೆ ಸಿಕ್ಕಿದವರಿಗೆ ಎಂದು ಒಂದೊಂದೇ ವಿನಾಯಿತಿ ಸೇರುತ್ತ ಹೋಯಿತು. ಕಾನೂನು ಮಾಡುವವರ ಪಾಡು ಆಗಲೂ ಅಷ್ಟೇ.

ಆ ಬುಗ್ಗೆಗೆ ಆಗ ತಪೋದಾ ಎಂಬ ಹೆಸರಿತ್ತು. ಊರು ರಾಜಗೃಹ, ಈಗಿನ ಬಿಹಾರದ ರಾಜಗೀರ್. ಪಟ್ನಾದಿಂದ ನೂರು ಕಿಲೋಮೀಟರ್ ಆಸುಪಾಸು. ಬ್ಯಾಂಕ್ ಕೆಲಸದ ಮೇಲೆ ಪಟ್ನಾಕ್ಕೆ ವರ್ಗವಾಗಿರುವ ಸೋದರಳಿಯನ ಮನೆಗೆ ಜನವರಿಯಲ್ಲಿ ಹೋಗಿದ್ದೆ. ಗಂಗೆಯ ಬಯಲಿನ ಚಳಿ ನಮ್ಮ ಕರಾವಳಿಯವರ ಮೈಗೆ ಹಿಡಿಸುವಂಥದ್ದಲ್ಲ. ಮನೆಯೊಳಗೆ ಕೂತರೂ ಮೂಳೆಗೆ ಇಳಿಯುತ್ತದೆ. ಎರಡು ದಿನ ನಾನು ಹೊದ್ದುಕೊಂಡೇ ಇದ್ದುದನ್ನು ನೋಡಿ ಅವನೇ ಹೇಳಿದ: "ಮಾವ, ಬಿಸಿನೀರು ಕಾಯಿಸುವುದು ಬೇಡ, ಕಾದದ್ದೇ ಉಂಟು. ನಾಳೆ ಹೋಗಿ ಬರುವ."

ನಸುಕಿಗೇ ಹೊರಟೆವು. ಬಿಹಾರ್ ಷರೀಫ್ ದಾಟುವವರೆಗೆ ಕಾರಿನ ಮುಂದೆ ಮಂಜಲ್ಲದೆ ಮತ್ತೇನೂ ಕಾಣಲಿಲ್ಲವಾದ್ದರಿಂದ ದಾರಿಯ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಮಂಜು ಹರಿದಾಗ ಎದುರಿಗೆ ಬೆಟ್ಟಗಳಿದ್ದವು. ಮೈಲುಗಟ್ಟಲೆ ಸಾಸಿವೆ, ಗೋಧಿಯ ಹೊಲ ನೋಡಿ ನೋಡಿ ಬಯಲಿಗೆ ಒಗ್ಗಿಹೋದ ಕಣ್ಣಿಗೆ ಅವು ಎಲ್ಲಿಂದಲೋ ತಂದಿಟ್ಟವು ಅನಿಸುತ್ತವೆ. ವೈಭಾರ, ವಿಪುಲ, ರತ್ನ, ಉದಯ, ಸೋನ ಎಂಬ ಐದು ಬೆಟ್ಟಗಳು ಸುತ್ತುಗಟ್ಟಿ ನಿಂತಿರುವ ಕಣಿವೆಯೇ ಹಳೆಯ ರಾಜಗೃಹ. ಮಹಾಭಾರತದ ಗಿರಿವ್ರಜವೂ ಇದೇ, ಜರಾಸಂಧನ ರಾಜಧಾನಿ. ನಮ್ಮ ಕಡೆಯವರಿಗೆ ಅವನು ಯಕ್ಷಗಾನದ ಮಾಗಧ. 'ಮಾಗಧ ವಧೆ'ಯಲ್ಲಿ ಕೃಷ್ಣ ಕಡ್ಡಿಯೊಂದನ್ನು ಸೀಳಿ ತಲೆಕೆಳಗು ಮಾಡಿ ಎಸೆದು ಭೀಮನಿಗೆ ಸನ್ನೆ ಮಾಡುವುದನ್ನು ರಾತ್ರಿಯಿಡೀ ನಿದ್ದೆಗೆಟ್ಟು ನೋಡಿದವರು ನಾವು. ಆ ಕುಸ್ತಿಯ ಜಾಗ ಇದೇ ಎಂದು ಕಣಿವೆಯೊಳಗೆ ಒಂದು ಕಡೆ ತೋರಿಸುತ್ತಾರೆ. ನಂಬುವುದು ಬಿಡುವುದು ಬೇರೆ ಮಾತು. ಚೌಕಿಯ ಬಣ್ಣದಲ್ಲಿ ಮಾತ್ರ ಕಂಡವನಿಗೆ ಒಂದು ವಿಳಾಸ ಉಂಟು ಎಂದು ಗೊತ್ತಾದದ್ದೇ ನನಗೆ ಖುಷಿ.

ಬಿಸಿನೀರಿನ ಕುಂಡಗಳು ವೈಭಾರದ ಬುಡದಲ್ಲಿವೆ. ಸರಸ್ವತಿ ಎಂಬ ಸಣ್ಣ ಹೊಳೆಯನ್ನು ಸೇತುವೆಯಲ್ಲಿ ದಾಟಿ ಮೆಟ್ಟಿಲು ಹತ್ತಬೇಕು. ಎರಡೂ ಬದಿಗೆ ಅಂಗಡಿ ಸಾಲು: ಟವೆಲು, ಚಡ್ಡಿ, ಬಳೆ, ಪುಟ್ಟ ಬಾಟಲಿಗಳಲ್ಲಿ ಸಾಸಿವೆ ಎಣ್ಣೆ. ಎಣ್ಣೆಯ ಘಾಟು ಮೆಟ್ಟಿಲಿಗೇ ಅಂಟಿಕೊಂಡಿದೆ. ಮೇಲೆ ಸಪ್ತಧಾರೆ, ಅಂದರೆ ಗೋಡೆಯ ಬಾಯಿಗಳಿಂದ ಸುರಿಯುವ ಬಿಸಿನೀರು. ಪಕ್ಕದಲ್ಲಿ ಇನ್ನಷ್ಟು ಕೆಳಗಿಳಿದರೆ ಬ್ರಹ್ಮಕುಂಡ. ಎಲ್ಲಕ್ಕಿಂತ ಬಿಸಿ ಅದು, 45 ಡಿಗ್ರಿ ಸೆಲ್ಸಿಯಸ್‌ನಷ್ಟು. ಪಂಡಾ, ಅಂದರೆ ಇಲ್ಲಿಯ ಪುರೋಹಿತರು ಒಬ್ಬರು, ಗೋತ್ರ ಕೇಳಿದರು, ಹೇಳಿದೆ. ಊರು ಕೇಳಿದರು, ಹೇಳಿದೆ. ಸಂಕಲ್ಪದ ರೇಟು ಕೇಳಿ ನಾನು ಸುಮ್ಮನಾದದ್ದೇ ಅವರು ತಾವಾಗಿ ಅರ್ಧಕ್ಕೆ ಇಳಿಸಿದರು. ಸಂಕಲ್ಪದಲ್ಲಿ ಜಂಬೂದ್ವೀಪ, ಭರತಖಂಡ ಎಲ್ಲ ಸರಿಯಾಗಿಯೇ ಬಂತು. ನನ್ನ ಹೆಸರು ಮಾತ್ರ ಬೇರೆ ಯಾರದೋ ಆಗಿತ್ತು.

ಸಪ್ತಧಾರೆಯ ಕೆಳಗೆ ಜಾಗ ಸಿಗಬೇಕಾದರೆ ಕಾಯಬೇಕು. ಸಾಲು ಅಂತ ಒಂದು ಇಲ್ಲ. ಯಾರ ಭುಜ ಮುಂದಿದೆಯೋ ಅವರದು ಸರದಿ. ನನ್ನ ಮುಂದೆ ಎಂಬತ್ತರ ಹತ್ತಿರದ ಮುದುಕರೊಬ್ಬರು ಕಲ್ಲಿನ ಮೇಲೆ ಕೂತು, ಧಾರೆ ನೇರವಾಗಿ ಬಲಮಂಡಿಯ ಮೇಲೆ ಬೀಳುವ ಹಾಗೆ ಕಾಲು ಚಾಚಿದ್ದರು. ಮೊದಲೇ ಎಣ್ಣೆ ತಿಕ್ಕಿದ್ದ ಮಂಡಿಯ ಮೇಲೆ ನೀರು ನಿಲ್ಲದೆ ಮಣಿಮಣಿಯಾಗಿ ಜಾರುತ್ತಿತ್ತು. ಹೆಬ್ಬೆರಳಿನಿಂದ ಮಂಡಿಚಿಪ್ಪಿನ ಸುತ್ತ ಒತ್ತುವುದು, ಒಂದಿಷ್ಟು ಮಡಿಸುವುದು, ಮುಖ ಕಿವುಚುವುದು, ಮತ್ತೆ ಚಾಚುವುದು. ಬಲಗಾಲು ಮುಗಿಸಿ ಎಡಗಾಲಿಗೆ ಬಂದಾಗ ಹಿಂದಿನಿಂದ ಹುಡುಗನೊಬ್ಬ "ಬಾಬಾ, ಇನ್ನೂ ಎಷ್ಟು ಹೊತ್ತು?" ಎಂದು ಹಿಂದಿಯಲ್ಲಿ ಕೂಗಿದ. ಮುದುಕರು ತಿರುಗಿಯೂ ನೋಡಲಿಲ್ಲ. ಬಿಂಬಿಸಾರನ ನೆನಪಾಗದೆ ಇರುತ್ತದೆಯೇ! ಊರಿನ ಹೊಲದ ಕೆಲಸ ಮುಗಿದ ಮೇಲೆ ಪ್ರತಿ ಚಳಿಗಾಲ ಬಂದು ಕೆಲವು ದಿನ ಇದ್ದು ಹೋಗುತ್ತಾರಂತೆ. ವಾಸಿಯಾಗಿದೆಯೇ ಎಂದು ಕೇಳಿದೆ. ವಾಸಿಯಾಗಿದ್ದರೆ ಮತ್ತೆ ಯಾಕೆ ಬರುತ್ತಿದ್ದೆ ಎಂದರು.

ನನ್ನ ಸರದಿ ಬಂತು. ಮೊದಲ ಸುರಿತಕ್ಕೆ ಚರ್ಮ ಚುರುಗುಟ್ಟಿ ಹಿಂದೆ ಸರಿದೆ. ಎರಡನೆಯದಕ್ಕೆ ಬೆನ್ನು ಕೊಟ್ಟೆ. ಆಮೇಲೆ ಭಿಕ್ಷುಗಳ ಮೇಲೆ ನನಗಿದ್ದ ಆಕ್ಷೇಪವೆಲ್ಲ ಕರಗಿತು. ಎರಡು ದಿನದಿಂದ ಮೂಳೆಯಲ್ಲಿ ಕೂತಿದ್ದ ಪಟ್ನಾದ ಚಳಿ ಅಲ್ಲಿಯೇ ಇಳಿದುಹೋಯಿತು. ಗಂಧಕದ ನಾತ ಇರಬಹುದೆಂದು ಎಣಿಸಿದ್ದೆ, ಇರಲಿಲ್ಲ. ನಮ್ಮ ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥದಲ್ಲಿ ಮಿಂದ ನೆನಪುಂಟು. ಅದು ಬೆಚ್ಚಗಿನ ನೀರು, ಕೂತು ಹರಟಬಹುದು. ಇದು ಸುಡುವ ನೀರು, ಮಾತು ಹೊರಡುವುದಿಲ್ಲ.

ನೀರು ಯಾಕೆ ಬಿಸಿ ಎಂಬ ಪ್ರಶ್ನೆ ಬುದ್ಧನ ಕಾಲದಲ್ಲೇ ಎದ್ದಿತ್ತು. ತಪೋದಾ ಒಂದು ತಂಪಾದ ತಿಳಿಗೊಳದಿಂದ ಹರಿದು ಬರುತ್ತದೆ ಎಂದು ಬುದ್ಧನ ಶಿಷ್ಯ ಮೊಗ್ಗಲ್ಲಾನ ಹೇಳಿದಾಗ ಉಳಿದ ಭಿಕ್ಷುಗಳು ನಂಬಲಿಲ್ಲ. ಮತ್ತೆ ಇಲ್ಲಿ ಕುದಿಯುತ್ತಿರುವುದು ಏನು ಎಂದು ಹಿಡಿದುಕೊಂಡರು. ಮೊಗ್ಗಲ್ಲಾನ ಹೇಳಿದ್ದು ನಿಜವೇ, ದಾರಿಯಲ್ಲಿ ಎರಡು ಮಹಾನರಕಗಳ ನಡುವೆ ಹಾದು ಬರುವುದರಿಂದ ನೀರು ಕಾಯುತ್ತದೆ ಎಂದು ಬುದ್ಧ ತೀರ್ಪು ಕೊಟ್ಟನಂತೆ. ನರಕಗಳನ್ನು ತೆಗೆದುಬಿಟ್ಟರೆ ಭೂವಿಜ್ಞಾನಿಗಳ ವಿವರಣೆ ಇದಕ್ಕಿಂತ ತುಂಬ ದೂರವಿಲ್ಲ. ರಾಜಗೀರಿನಲ್ಲಿ ಜ್ವಾಲಾಮುಖಿ ಇಲ್ಲ. ಬೆಟ್ಟದ ಮೇಲೆ ಬಿದ್ದ ಮಳೆನೀರು ಕ್ವಾರ್ಟ್ಸೈಟ್ ಬಂಡೆಗಳ ಬಿರುಕುಗಳಲ್ಲಿ ಆಳಕ್ಕೆ ಇಳಿಯುತ್ತದೆ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಶಾಖ ಏರುತ್ತದೆ. ಹಾಗೆ ಕಾದ ನೀರು ಮೇಲಿನ ನೀರಿನ ಒತ್ತಡಕ್ಕೆ ಇನ್ನೊಂದು ಬಿರುಕು ಹಿಡಿದು ಬುಡದಲ್ಲಿ ಹೊರಬೀಳುತ್ತದೆ. ತಂಪು ನೀರೇ ಬಿಸಿ ಜಾಗ ಸುತ್ತಿ ಬರುವುದು.

ಹಾಗಾಗಿ ಬುಗ್ಗೆಯ ಜೀವ ಇರುವುದು ಕುಂಡದಲ್ಲಲ್ಲ, ಬೆಟ್ಟದ ಮಳೆಯಲ್ಲಿ, ಕಾಡಿನಲ್ಲಿ, ಊರಿನ ಅಂತರ್ಜಲದಲ್ಲಿ. ಬೇಸಿಗೆಯಲ್ಲಿ ಧಾರೆಗಳು ಸಣ್ಣಗಾಗುತ್ತವೆ, ಕೆಲವು ಕುಂಡಗಳು ಬತ್ತಿದ್ದೂ ಉಂಟು ಎಂದು ಬಟ್ಟೆ ಕಾಯುವ ಅಂಗಡಿಯವನು ಹೇಳಿದ. ಕಾರಣವನ್ನೂ ಅವನೇ ಹೇಳಿದ: ಹೋಟೆಲುಗಳ ಬೋರ್‌ವೆಲ್. 2022ರಲ್ಲಿ ಮೊಕಾಮಾ ಬಳಿಯ ಹಾಥಿದಹದಿಂದ ಗಂಗೆಯ ನೀರನ್ನು ಪೈಪಿನಲ್ಲಿ ತಂದು ರಾಜಗೀರಿನ ಮನೆಗಳಿಗೆ ಕೊಡಲು ಶುರು ಮಾಡಿದ್ದಾರೆ. ಅದರಿಂದ ಬೋರ್‌ವೆಲ್ ಹೊಡೆತ ಕಡಿಮೆಯಾದರೆ ಬುಗ್ಗೆಗೂ ಒಳ್ಳೆಯದು. ಇಲ್ಲಿಯ ಹಳೆಯ ಇಟ್ಟಿಗೆ, ಕಲ್ಲುಗಳಿಗೆಲ್ಲ ಪುರಾತತ್ವ ಇಲಾಖೆಯ ನೀಲಿ ಬೋರ್ಡು, ಬೇಲಿ, ದಂಡದ ಎಚ್ಚರಿಕೆ ಇವೆ. ಅವೆಲ್ಲಕ್ಕಿಂತ ಹೆಚ್ಚು ಕಾಲ ಬಿಡದೆ ಬಳಕೆಯಲ್ಲಿರುವ ಈ ನೀರಿಗೆ ಪಂಡಾ ಒಬ್ಬನೇ ಗತಿ. ಬಿದ್ದುಹೋದದ್ದನ್ನು ಕಾಯುವುದು ನಮಗೆ ಗೊತ್ತು. ಇನ್ನೂ ಹರಿಯುತ್ತಿರುವುದನ್ನು ಕಾಯುವ ವಿದ್ಯೆ ಬೇರೆ.

ಮೂರು ವರ್ಷಕ್ಕೊಮ್ಮೆ ಬರುವ ಅಧಿಕಮಾಸದಲ್ಲಿ ಇಲ್ಲಿ ಮಲಮಾಸ ಮೇಳ ನಡೆಯುತ್ತದೆ. ನಮ್ಮಲ್ಲಿ ಆ ತಿಂಗಳು ಶುಭಕಾರ್ಯ ನಿಲ್ಲಿಸಿ, ಅಳಿಯನಿಗೆ 33 ಅಪೂಪ ದಾನ ಕೊಟ್ಟು ಸುಮ್ಮನಾಗುತ್ತೇವೆ. ಇಲ್ಲಿಯ ಲೆಕ್ಕದಲ್ಲಿ ಮೂವತ್ತಮೂರು ಕೋಟಿ ದೇವತೆಗಳೂ ಆ ತಿಂಗಳು ರಾಜಗೀರಿಗೆ ಬಂದು ಇಳಿದುಕೊಳ್ಳುತ್ತಾರೆ. ಕಾಗೆ ಮಾತ್ರ ಬರುವುದಿಲ್ಲವಂತೆ, ಆಮಂತ್ರಣ ತಪ್ಪಿಹೋದ ಕಾರಣಕ್ಕೆ. 2023ರಲ್ಲಿ ಅಧಿಕ ಶ್ರಾವಣವಿತ್ತು, 2026ರಲ್ಲಿ ಅಧಿಕ ಜ್ಯೇಷ್ಠ. ಜನವರಿಯ ಸಾಧಾರಣ ದಿನವೇ ಭುಜ ತಳ್ಳಿ ನಿಂತವನಿಗೆ ಆ ಮೇಳದ ಕಲ್ಪನೆಯೇ ಸಾಕು.

ಎದುರಿನ ವಿಪುಲಗಿರಿಯ ಬುಡದಲ್ಲಿ ಇನ್ನೊಂದು ಬುಗ್ಗೆ ಇದೆ, ಮಖ್ದೂಮ್ ಕುಂಡ. ಬಿಹಾರ್ ಷರೀಫಿನ ಹದಿನಾಲ್ಕನೆಯ ಶತಮಾನದ ಸೂಫಿ ಸಂತ ಮಖ್ದೂಮ್ ಶರಫುದ್ದೀನ್ ಯಾಹ್ಯಾ ಮನೇರಿ ಈ ಕಾಡಿನಲ್ಲಿ ತಪಸ್ಸು ಮಾಡಿದವರು. ಬ್ರಹ್ಮಕುಂಡದಷ್ಟು ನೂಕುನುಗ್ಗಲು ಇಲ್ಲಿಲ್ಲ. ಇದೇ ಕುಂಡಕ್ಕೆ ಅದಕ್ಕೂ ಹಿಂದೆ ಶೃಂಗಿ ಋಷಿಯ ಹೆಸರಿತ್ತು ಎಂದು ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ದಾಖಲಿಸಿದ್ದಾನೆ. ನಮ್ಮ ಶೃಂಗೇರಿಯ ಬಳಿ ಕಿಗ್ಗದಲ್ಲಿ ಕೂತಿರುವ ಋಷ್ಯಶೃಂಗನಿಗೆ ಇಲ್ಲಿಯೂ ಒಂದು ಬಚ್ಚಲು ಇತ್ತು ಎಂದ ಹಾಗಾಯಿತು. ಮಳೆ ತರಿಸುವವನು ಎಂದು ಹೆಸರಾದ ಋಷಿಗೂ ಮಳೆಯಿಂದಲೇ ಬದುಕಿರುವ ಬುಗ್ಗೆಗೂ ಗಂಟು ಹಾಕಿದವರು ಭೂವಿಜ್ಞಾನ ಓದಿದವರಲ್ಲ.

ಮಿಂದು ಹಗುರಾದ ಮೈಯಲ್ಲಿ ವೈಭಾರವನ್ನು ಸ್ವಲ್ಪ ಹತ್ತಿದೆವು. ಪಿಪ್ಪಲ ಗುಹೆ ಎನ್ನುವ, ಗಾರೆಯಿಲ್ಲದೆ ದೊಡ್ಡ ಕಲ್ಲುಗಳನ್ನು ಪೇರಿಸಿ ಕಟ್ಟಿದ ಚೌಕದ ಜಗಲಿ ಸಿಕ್ಕಿತು. ಜನರ ಬಾಯಲ್ಲಿ ಅದು ಜರಾಸಂಧನ ಬೈಠಕ್. ಇನ್ನೂ ಮೇಲೆ ಸಪ್ತಪರ್ಣಿ ಗುಹೆ. ಬುದ್ಧ ತೀರಿಕೊಂಡ ಮೇಲೆ ಮಹಾಕಾಶ್ಯಪನ ಹಿರಿತನದಲ್ಲಿ ಮೊದಲ ಸಂಗೀತಿ, ಅಂದರೆ ಭಿಕ್ಷುಗಳ ಮಹಾಸಭೆ, ಸೇರಿದ್ದು ಅಲ್ಲಿ. ಮಂಡಿ ಒಪ್ಪಲಿಲ್ಲ, ಇಳಿದೆವು. ಕಣಿವೆಯೊಳಗೆ ಟಾಂಗಾ ಸಿಗುತ್ತದೆ. ಟಾಂಗಾವಾಲಾ ಸೋನ್ ಭಂಡಾರ್ ಎಂಬ ಎರಡು ಗುಹೆಗಳ ಮುಂದೆ ನಿಲ್ಲಿಸಿ, ಆ ಗೋಡೆಯ ಹಿಂದೆ ಬಿಂಬಿಸಾರನ ಖಜಾನೆ ಇದೆ, ಬ್ರಿಟಿಷರು ಫಿರಂಗಿ ಹೊಡೆದರೂ ಬಾಗಿಲು ತೆರೆಯಲಿಲ್ಲ ಎಂದು ಪಾಠ ಒಪ್ಪಿಸಿದ. ಅಲ್ಲಿಯ ಶಾಸನ ಹೇಳುವುದು ವೈರದೇವನೆಂಬ ಮುನಿ ಜೈನ ತಪಸ್ವಿಗಳಿಗಾಗಿ ಮಾಡಿಸಿದ ಗುಹೆ ಎಂದು. ಏನೂ ಇಟ್ಟುಕೊಳ್ಳದವರ ಮನೆಗೆ ಖಜಾನೆಯ ಹೆಸರು ಅಂಟಿದೆ.

ಹಳಗನ್ನಡದ ಜೈನ ಪುರಾಣ ಓದಿದವರಿಗೆ ಈ ಕಣಿವೆ ಹೊಸದಲ್ಲ. ವಿಪುಲಾಚಲದ ಮೇಲೆ ಮಹಾವೀರನ ಸಮವಸರಣ, ಶ್ರೇಣಿಕ ಮಹಾರಾಜ ಕೈಮುಗಿದು ಕೇಳುತ್ತಾನೆ, ಗೌತಮ ಗಣಧರರು ಹೇಳುತ್ತಾರೆ. ಎಷ್ಟು ಪುರಾಣಗಳು ಹೀಗೆಯೇ ಶುರುವಾಗುತ್ತವೆ! ಆ ಶ್ರೇಣಿಕನೇ ಈ ಬಿಂಬಿಸಾರ. ಅವನ ಸೆರೆಮನೆ ಎಂದು ತೋರಿಸುವ ಜಾಗದಲ್ಲಿ ಎರಡು ಮೀಟರ್ ದಪ್ಪದ ಕಲ್ಲುಗೋಡೆಯ ಬುಡ ಉಳಿದಿದೆ, ಮೂಲೆಗಳಲ್ಲಿ ದುಂಡನೆಯ ಕೊತ್ತಲ. ಮಗ ಅಜಾತಶತ್ರು ಅವನನ್ನು ಇಲ್ಲಿ ಕೂಡಿಹಾಕಿ ಉಪವಾಸ ಕೆಡವಿದ ಎಂದು ಬೌದ್ಧರು. ಪಶ್ಚಾತ್ತಾಪಪಟ್ಟ ಮಗ ಸಂಕೋಲೆ ಕಡಿಯಲು ಕೊಡಲಿ ಹಿಡಿದು ಓಡಿಬಂದದ್ದನ್ನು ನೋಡಿ, ಕೊಲ್ಲಲು ಬಂದ ಎಂದು ತಿಳಿದು ತಂದೆ ಪ್ರಾಣ ಕಳೆದುಕೊಂಡ ಎಂದು ಜೈನರು. ಎರಡನೆಯದೇ ಹೆಚ್ಚು ಕ್ರೂರ ಎಂದು ನನಗೆ ಅನಿಸುತ್ತದೆ. ಬಿಂಬಿಸಾರ ಸೆರೆಯ ಕಿಂಡಿಯಿಂದ ಗೃಧ್ರಕೂಟ ಬೆಟ್ಟದ ಮೇಲಿನ ಬುದ್ಧನನ್ನು ನೋಡುತ್ತಿದ್ದನಂತೆ. ಗೃಧ್ರಕೂಟದ ದಿಕ್ಕಿಗೆ ಈಗ ರೋಪ್‌ವೇಯ ತೊಟ್ಟಿಲುಗಳು ಹೋಗುತ್ತವೆ, ಮೇಲೆ 1969ರಲ್ಲಿ ಜಪಾನಿನ ಬೌದ್ಧರು ಕಟ್ಟಿಸಿದ ಬಿಳಿಯ ಶಾಂತಿಸ್ತೂಪ. ಕೆಳಗಿನ ಟಿಕೆಟ್ ಸಾಲು ನೋಡಿಯೇ ನಾವು ಆ ಆಸೆ ಬಿಟ್ಟೆವು.

ಅಲ್ಲಿಂದ ನಾಲಂದಾಕ್ಕೆ ಹೊರಟೆವು. ರಾಜಗೀರಿನಿಂದ ಹನ್ನೆರಡು ಕಿಲೋಮೀಟರ್ ಮೇಲೆ ಸ್ವಲ್ಪ. ನಡುವೆ ಸಿಲಾವ್ ಎಂಬ ಪೇಟೆ. ರಸ್ತೆಯ ಎರಡೂ ಕಡೆ ಖಾಜಾ ಅಂಗಡಿಗಳು, ಎಲ್ಲವೂ ತಾವೇ ಮೂಲ ಎನ್ನುತ್ತವೆ. 2018ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ನೋಡಲು ನಮ್ಮ ಚಿರೋಟಿಯ ದಾಯಾದಿ. ಹಾಲು ಹಾಕುವ ಬದಲು ಪಾಕದಲ್ಲಿ ಅದ್ದಿ ತೆಗೆದದ್ದು. ಐವತ್ತೆರಡು ಪದರ ಎಂದು ಅಂಗಡಿಯವನು ಎದೆ ತಟ್ಟಿಕೊಂಡ. ಅಳಿಯ ಬ್ಯಾಂಕಿನವನಲ್ಲವೇ, ಎಣಿಸಲು ಕೂತ. ಎಣಿಸುವಷ್ಟರಲ್ಲಿ ಪುಡಿಯಾಯಿತು.

ನಾಲಂದಾದ ಬಗ್ಗೆ ಶಾಲೆಯಿಂದಲೇ ಅಷ್ಟು ಕೇಳಿರುವುದರಿಂದ ಅಲ್ಲಿ ಕಾಲಿಟ್ಟಾಗ ಮೊದಲು ಕಾಣುವುದು ನಾವು ಓದಿದ್ದು, ಆಮೇಲೆ ಇಟ್ಟಿಗೆ. ಐದನೆಯ ಶತಮಾನದಲ್ಲಿ ಗುಪ್ತರ ಕುಮಾರಗುಪ್ತನ ಕಾಲಕ್ಕೆ ಹುಟ್ಟಿ, ಹರ್ಷ, ಪಾಲರ ಆಶ್ರಯದಲ್ಲಿ ಬೆಳೆದು, 1200ರ ಸುಮಾರಿಗೆ ಬಖ್ತಿಯಾರ್ ಖಿಲ್ಜಿಯ ದಾಳಿಯಲ್ಲಿ ಸುಟ್ಟುಹೋಯಿತು ಎಂಬ ಮೂರು ಸಾಲು ಎಲ್ಲರಿಗೂ ಬಾಯಿಪಾಠ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ನಮ್ಮ ಬೆಳೆ, ಜಾತಿ, ಬೆಲೆಗಳನ್ನೆಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಹತ್ತು ವರ್ಷದ ಮೇಲೆ ಈ ದಿಬ್ಬಗಳನ್ನೂ ನೋಡಿ ಹೋದ. ಇದೇ ನಾಲಂದಾ ಎಂದು 1861–62ರಲ್ಲಿ ಗುರುತಿಸಿದವನು ಕನ್ನಿಂಗ್‌ಹ್ಯಾಮ್, ಚೀನಾದ ಯಾತ್ರಿಕ ಹ್ಯುಯೆನ್‌ತ್ಸಾಂಗನ ವರ್ಣನೆಯ ಆಧಾರದಲ್ಲಿ. ಅಗೆತ ನಡೆದದ್ದು 1915ರಿಂದ 1937ರವರೆಗೆ.

ವಿಹಾರಗಳ ಅಂಕಣದಲ್ಲಿ ನಿಂತರೆ ಎಲ್ಲವೂ ಒಂದೇ ನಕ್ಷೆ: ನಡುವೆ ಅಂಗಳ, ಸುತ್ತ ಸಣ್ಣ ಕೋಣೆಗಳು, ಒಂದು ಬಾವಿ, ಚರಂಡಿ. ಒಂದು ಕೋಣೆಯೊಳಗೆ ಹೋಗಿ ನಿಂತೆ. ಗೋಡೆಯಲ್ಲಿ ದೀಪವನ್ನೋ ಓಲೆಕಟ್ಟನ್ನೋ ಇಡುವಷ್ಟು ಒಂದು ಗೂಡು. ಕೈಯಿಟ್ಟರೆ ಇಟ್ಟಿಗೆ ತಣ್ಣಗಿತ್ತು. ಮೊದಲನೆಯ ವಿಹಾರದಲ್ಲಿ ಸಿಕ್ಕ ತಾಮ್ರಶಾಸನದ ಪ್ರಕಾರ ಸುವರ್ಣದ್ವೀಪದ, ಅಂದರೆ ಸುಮಾತ್ರಾ ಕಡೆಯ, ದೊರೆ ಬಾಲಪುತ್ರದೇವ ಇಲ್ಲಿ ಒಂದು ವಿಹಾರ ಕಟ್ಟಿಸಿದ. ಅದರ ಖರ್ಚಿಗೆಂದು ಪಾಲರ ದೇವಪಾಲ ಐದು ಹಳ್ಳಿ ಬಿಟ್ಟುಕೊಟ್ಟ. ಊರ ಹಾಸ್ಟೆಲ್ಲಿಗೆ ಹೊರದೇಶದ ದುಡ್ಡು ಬರುವುದು ಹೊಸತೇನಲ್ಲ.

ಗೈಡುಗಳು ಒಂಬತ್ತು ಅಂತಸ್ತು, ತಿಂಗಳುಗಟ್ಟಲೆ ಉರಿದ ಗ್ರಂಥಾಲಯ ಎಂದು ಶುರುಮಾಡುತ್ತಾರೆ. ನನಗೆ ಬೇಕಾದದ್ದು ಬೇರೆ ಇತ್ತು. ಏಳನೆಯ ಶತಮಾನದ ಕೊನೆಯಲ್ಲಿ ಹತ್ತು ವರ್ಷದಷ್ಟು ಇಲ್ಲಿ ಓದಿದ ಚೀನಾದ ಭಿಕ್ಷು ಇತ್ಸಿಂಗ್ ಸ್ನಾನದ ಬಗ್ಗೆಯೇ ಒಂದು ಅಧ್ಯಾಯ ಬರೆದಿದ್ದಾನೆ. ನಾಲಂದಾದ ಹತ್ತಿರ ಹತ್ತಕ್ಕಿಂತ ಹೆಚ್ಚು ದೊಡ್ಡ ಕೊಳಗಳಿದ್ದವು. ಬೆಳಗ್ಗೆ ಗಂಟೆ ಹೊಡೆದರೆ ಸ್ನಾನದ ಹೊತ್ತು ಎಂದರ್ಥ. ಭಿಕ್ಷುಗಳು ಸ್ನಾನದ ವಸ್ತ್ರ ಹಿಡಿದು ಕೆಲವೊಮ್ಮೆ ನೂರು, ಕೆಲವೊಮ್ಮೆ ಸಾವಿರ ಮಂದಿ ಒಟ್ಟಿಗೆ ಹೊರಟು ದಿಕ್ಕುದಿಕ್ಕಿನ ಕೊಳಗಳಿಗೆ ಹೋಗುತ್ತಿದ್ದರು. ಊಟಕ್ಕೆ ಮೊದಲೇ ಸ್ನಾನವಾಗಬೇಕು, ಉಂಡು ಮೀಯಬಾರದು ಎಂಬ ನಮ್ಮ ಅಜ್ಜಿಯರ ಮಾತನ್ನೇ ಅವನೂ ಹೇಳುತ್ತಾನೆ. ಹದಿನೈದು ದಿನಕ್ಕೊಂದು ಸ್ನಾನದ ಕಟ್ಟಳೆ ಹುಟ್ಟಿದ್ದು ಇಲ್ಲಿಂದ ಒಂದು ಗಾವುದ ದೂರದಲ್ಲಿ. ಸಾವಿರ ವರ್ಷದಲ್ಲಿ ಅದು ದಿನಾ ಬೆಳಗ್ಗೆ ಗಂಟೆ ಹೊಡೆದು ಕರೆಯುವಲ್ಲಿಗೆ ಬಂದು ಮುಟ್ಟಿತ್ತು. ನೀರಿನ ಮುಂದೆ ಶಾಸ್ತ್ರವೇ ಸೋತಿತು ಎನ್ನುವುದಕ್ಕಿಂತ, ಬಿಹಾರದ ಬೇಸಿಗೆಯನ್ನು ಕಂಡವರು ಶಾಸ್ತ್ರವನ್ನು ಸರಿಯಾಗಿ ಓದಿಕೊಂಡರು ಎನ್ನಬಹುದು.

ಉರಿದುಹೋದ ಮೇಲೂ ನಾಲಂದಾ ಪೂರ್ತಿ ಸತ್ತಿರಲಿಲ್ಲ. 1235ರ ಹೊತ್ತಿಗೆ ಟಿಬೆಟಿನ ಯಾತ್ರಿಕ ಭಿಕ್ಷು ಧರ್ಮಸ್ವಾಮಿ ಬಂದಾಗ ತೊಂಬತ್ತು ದಾಟಿದ ರಾಹುಲ ಶ್ರೀಭದ್ರ ಎಂಬ ಗುರು ಪಾಳುಬಿದ್ದ ವಿಹಾರದಲ್ಲಿ ಎಪ್ಪತ್ತು ಮಂದಿಗೆ ಪಾಠ ಹೇಳುತ್ತಿದ್ದ. ಸೈನಿಕರು ಬರುತ್ತಿದ್ದಾರೆ ಎಂಬ ಸುದ್ದಿ ಬಂದಾಗ ಉಳಿದವರು ಓಡಿದರು. ಧರ್ಮಸ್ವಾಮಿ ಗುರುವನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಅಡಗಿಸಿದ. ಅಪಾಯ ಕಳೆದ ಮೇಲೆ ಇಬ್ಬರೂ ಹಿಂತಿರುಗಿ ಪಾಠ ಮುಂದುವರಿಸಿದರು. ನಮ್ಮ ಬಾಯಿಪಾಠದ ಮೂರು ಸಾಲಿನಲ್ಲಿ ಈ ನಾಲ್ಕನೆಯ ಸಾಲಿಗೆ ಜಾಗವಿಲ್ಲ.

ಇತ್ಸಿಂಗನ ಕೊಳಗಳಲ್ಲಿ ಒಂದಾದರೂ ಉಳಿದಿದೆಯೇ ಎಂದು ಗೇಟಿನ ಕಾವಲುಗಾರನನ್ನು ಕೇಳಿದೆ. ಇತ್ಸಿಂಗ್ ಯಾರೋ ಅವನಿಗೆ ಗೊತ್ತಿಲ್ಲ. ಕೊಳ ಅಂದರೆ ಸುತ್ತ ಊರೆಲ್ಲ ಕೊಳವೇ, ದೊಡ್ಡದು ಬೇಕಾದರೆ ಬಡ್‌ಗಾಂವ್‌ಗೆ ಹೋಗಿ ಎಂದ. ಅವಶೇಷಗಳಿಗೆ ಒತ್ತಿಕೊಂಡೇ ಇರುವ ಹಳ್ಳಿ ಅದು. ಸೂರ್ಯನ ಗುಡಿ, ಹತ್ತಿರ ಸೂರ್ಯ ತಾಲಾಬ್. ಕೊಳದ ವಯಸ್ಸು ಎಷ್ಟೆಂದು ಬೋರ್ಡು ಹೇಳುವುದಿಲ್ಲ, ಟಿಕೆಟ್ಟೂ ಇಲ್ಲ. ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಬಟ್ಟೆ ಒಗೆಯುತ್ತ ಯಾರದೋ ಸೊಸೆಯ ವಿಚಾರವನ್ನು ತೀರ್ಮಾನಿಸುತ್ತಿದ್ದರು. ದಡದ ಚಹಾ ಅಂಗಡಿಯವನಿಗೆ ನಾವು ಇಷ್ಟು ದೂರದಿಂದ ಬಂದು ಖಾಲಿ ಕೊಳ ನೋಡುತ್ತಿರುವುದೇ ವಿಚಿತ್ರವಾಗಿ ಕಂಡಿತು. ಛಠ್ ಹಬ್ಬಕ್ಕೆ ಬನ್ನಿ, ಕಾರ್ತಿಕದಲ್ಲಿ ಒಮ್ಮೆ, ಚೈತ್ರದಲ್ಲಿ ಒಮ್ಮೆ. ಆಗ ಸುತ್ತಲಿನ ಜಿಲ್ಲೆಗಳ ಜನವೆಲ್ಲ ಇಲ್ಲೇ, ಅರ್ಘ್ಯ ಕೊಡಲು ನೀರಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ ಎಂದ.

"ಚೈತ್ರದಲ್ಲಿ ಅಂದರೆ ಮಾರ್ಚ್ ಕೊನೆ, ಏಪ್ರಿಲ್ ಮೊದಲು" ಎಂದು ಅಳಿಯ ಮೊಬೈಲಿನಲ್ಲಿ ಕ್ಯಾಲೆಂಡರ್ ತೆರೆದ. "ಮಾವ, ಬ್ಯಾಂಕಿನವರಿಗೆ ವರ್ಷದ ಲೆಕ್ಕ ಮುಚ್ಚುವ ಸಮಯ. ನನಗೆ ರಜೆ ಸಿಗಲಿಕ್ಕಿಲ್ಲ. ಕಾರ್ತಿಕಕ್ಕೆ ಬನ್ನಿ, ಅತ್ತೆಯನ್ನೂ ಕರೆದುಕೊಂಡು."